ಈ ವರ್ಷದಿಂದ ವೇಷದ ಜೊತೆ ಕಟ್ಟುವವರೂ ಬರುತ್ತಾರೆ

ಶಾಲೆಗಳ ಹೆಡ್‌ಮಾಸ್ಟರುಗಳಿಗೆ, ಯುವಕ ಮಂಡಲದವರಿಗೆ, ನಮ್ಮ ಖಾಯಂ ಗಿರಾಕಿಗಳಿಗೆಲ್ಲ ನಮಸ್ಕಾರ.

ಈ ಸಲದ ವಾರ್ಷಿಕೋತ್ಸವಗಳಿಂದ ಒಂದು ಯಕ್ಷಗಾನ ವೇಷಕ್ಕೆ ಬಾಡಿಗೆ 200 ರೂಪಾಯಿ ಜಾಸ್ತಿ ಆಗುತ್ತದೆ. ಬರೀ ವೇಷದ ಪೆಟ್ಟಿಗೆಯನ್ನಷ್ಟೇ ಕೊಟ್ಟು ಕಳಿಸುವುದನ್ನೂ ನಿಲ್ಲಿಸುತ್ತಿದ್ದೇವೆ. ಬಣ್ಣ ಹಚ್ಚಲು, ವೇಷ ಕಟ್ಟಲು ನಮ್ಮವರೇ ಬರುತ್ತಾರೆ, ಅವರ ಸಂಬಳ ಬಾಡಿಗೆಯಲ್ಲೇ ಸೇರಿದೆ. ಕೆಲವರಿಗೆ ಇದು ಹೊರೆ ಅಂತ ಗೊತ್ತು, ಕ್ಷಮೆ ಇರಲಿ.

"ಎರಡು ಗಂಟೆಯ ಯಕ್ಷಗಾನದ ಆಟಕ್ಕೆ ಇಷ್ಟು ಬಾಡಿಗೆಯಾ? ಆನ್‌ಲೈನಿನಲ್ಲಿ ಹೊಸ ಡ್ರೆಸ್ಸೇ ಸಿಗುತ್ತದೆ" ಎಂಬ ಮಾತನ್ನು ಫೋನು ಎತ್ತಿದಾಗಲೆಲ್ಲ ಕೇಳುತ್ತಿದ್ದೇವೆ. ಸಿಗುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಕೇದಗೆ ಮುಂದಲೆ ಎಂಬ ತಲೆಯ ಕಟ್ಟು ಟೊಪ್ಪಿಯ ಹಾಗೆ ಇಟ್ಟುಕೊಳ್ಳುವಂಥದ್ದಲ್ಲ, ತಲೆಯ ಮೇಲೆ ಸುತ್ತಿ ಕಟ್ಟಬೇಕು. ಬಿಗಿಯಾದರೆ ಮಗುವಿಗೆ ತಲೆನೋವು, ಸಡಿಲವಾದರೆ ಮೊದಲ ಗಿರಕಿಗೇ ಜಾರುತ್ತದೆ. ಸಂಜೆ ಆರರ ಆಟಕ್ಕೆ ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಕೋಣೆಯಲ್ಲಿ, ಮಧ್ಯಾಹ್ನವೇ ಕೆಲಸ ಶುರು. ಆಟ ಮುಗಿದ ಮೇಲೂ ಬಿಡುವಿಲ್ಲ. ಬೆವರಿಗೆ ಒದ್ದೆಯಾದ ದಗಲೆಯನ್ನು, ಅಂದರೆ ವೇಷದ ಅಂಗಿಯನ್ನು, ಮೆಷಿನ್ನಿಗೆ ಹಾಕುವಂತಿಲ್ಲ. ಹೆಗಲ ಮೇಲೆ ಕಟ್ಟುವ ಭುಜಕೀರ್ತಿಯ ಹೊಳೆಯುವ ಬೇಗಡೆ ಎದ್ದರೆ, ಕನ್ನಡಿ ಚೂರು ಬಿದ್ದರೆ ಮತ್ತೆ ಅಂಟಿಸಬೇಕು. ಯಕ್ಷಗಾನದ ತಿರುಗಾಟ ಮುಗಿಯುವ ಮೇ ಕೊನೆಯ ಪತ್ತನಾಜೆ ಕಳೆದು ಮಳೆ ಹಿಡಿದರೆ ದೀಪಾವಳಿ ತನಕ ಬಾಡಿಗೆ ಕೇಳುವವರೇ ಅಪರೂಪ. ನಮ್ಮ ಕರಾವಳಿಯ ತೇವಕ್ಕೆ ಬಟ್ಟೆ ಬೂಷ್ಟು ಹಿಡಿಯದಂತೆ ಕಾಯುವ ಖರ್ಚು ಮಾತ್ರ ನಿಲ್ಲುವುದಿಲ್ಲ. ಆಮೇಲೆ ಎಲ್ಲ ಶಾಲೆಗೂ ವೇಷ ಬೇಕಾಗುವುದು ಡಿಸೆಂಬರಿನ ಅದೇ ಶನಿವಾರ!

ಸ್ವಲ್ಪ ಕಹಿಯಾದರೂ ಇನ್ನೊಂದು ಮಾತು ಹೇಳಿಬಿಡುತ್ತೇವೆ. ಸೌಂಡಿಗೆ, ಲೈಟಿಗೆ, ಎಲ್‌ಇಡಿ ಪರದೆಗೆ ಕೇಳಿದಷ್ಟು ಕೊಡುತ್ತಾರೆ. ಚೌಕಾಸಿ ಏನಿದ್ದರೂ ಕಿರೀಟಕ್ಕೆ. ಸೌಂಡು, ಲೈಟಿನವರ ದುಡಿಮೆಯ ಬಗ್ಗೆ ನಮಗೆ ತಕರಾರಿಲ್ಲ. ಆದರೆ ಮಕ್ಕಳ ಆಟ ಸುಮ್ನೆ ಮನರಂಜನೆ, ಉಳಿದ ದುಡ್ಡಿನಲ್ಲಿ ಆದರೆ ಆಯಿತು ಅನ್ನುವ ಲೆಕ್ಕ ನಮಗೆ ಒಪ್ಪಿಗೆಯಿಲ್ಲ. ಅರ್ಥಗಾರಿಕೆಯನ್ನು, ಅಂದರೆ ವೇಷಧಾರಿ ರಂಗದಲ್ಲಿ ಆಡುವ ಮಾತನ್ನು, ಪಳಗಿದವರು ಬಾಯಿಪಾಠ ಒಪ್ಪಿಸುವುದಿಲ್ಲ. ಎದುರು ವೇಷ ಒಂದು ಪ್ರಶ್ನೆ ಹಾಕಿದರೆ ಅಲ್ಲೇ ಯೋಚಿಸಿ ಉತ್ತರ ಕೊಡಬೇಕು, ಅದೂ ಒಂದು ಇಂಗ್ಲಿಷ್ ಪದ ನುಸುಳದ ಹಾಗೆ. ಮಕ್ಕಳು ಬರೆದುಕೊಟ್ಟ ಮಾತಿನಿಂದಲೇ ಶುರು ಮಾಡಿದರೂ ಅಭ್ಯಾಸ ಸಾಗುವುದು ಆ ಕಡೆಗೇ. ಬೇರೆ ಯಾವ ಪೀರಿಯಡ್ಡಿನಲ್ಲಿ ಇದನ್ನು ಕಲಿಸುತ್ತಾರೆ, ಹೇಳಿ? ಈಗ ಹೆಣ್ಣುಮಕ್ಕಳು ರಾಜವೇಷವನ್ನೂ ಕೇಳಿ ಪಡೆಯುತ್ತಾರೆ. ಅವರ ಅಳತೆಗೆ ನಾವು ಹೊಸ ದಗಲೆಗಳನ್ನೇ ಹೊಲಿಸಿದ್ದೇವೆ. ಅದನ್ನು ಬಿಲ್ಲಿನಲ್ಲಿ ತೋರಿಸಿಲ್ಲ.

ದೀಪಾವಳಿಯೊಳಗೆ ತಾರೀಕು ಗೊತ್ತುಮಾಡಿದವರಿಗೆ ಹಳೆಯ ದರವೇ. ಸರ್ಕಾರಿ ಕನ್ನಡ ಶಾಲೆಗಳಿಗೆ ಈ ವರ್ಷ ಪೂರ್ತಿ ಹಳೆಯ ದರ, ಕಟ್ಟುವವರೂ ಬರುತ್ತಾರೆ. ಬಣ್ಣಕ್ಕೆ ಮೊದಲು ತೆಂಗಿನೆಣ್ಣೆ ಹಚ್ಚುತ್ತೇವೆ, ಮಗುವಿನ ಮುಖ ಉರಿದೀತು ಎಂಬ ಹೆದರಿಕೆ ಬೇಡ. ನಿಮ್ಮ ಶಾಲೆಯ ಚೌಕಿಯಲ್ಲಿ ಎಂದಿನ ಹಾಗೆ ನಾನೂ ಇರುತ್ತೇನೆ. ಮಕ್ಕಳ ಎತ್ತರ, ಸೊಂಟದ ಅಳತೆಯನ್ನು ಒಂದು ವಾರ ಮೊದಲೇ ಕಳಿಸಿಕೊಡಿ.

ಇಂತಿ,
ವೇಷಭೂಷಣ ಅಂಗಡಿಯ ಪರವಾಗಿ