ನರಕಾಸುರನೂ ಶೂ ಹಾಕ್ಕೊಳ್ಳಲಿಲ್ವಾ?

ನಮ್ಮ ಕನ್ನಡ ಬಳಗದ ಸುದ್ದಿಪತ್ರದ ಸಂಪಾದಕೀಯಕ್ಕೆ ಕೊನೆಯ ದಿನ ಶುಕ್ರವಾರ. ಇವತ್ತು ಭಾನುವಾರ, ರಾತ್ರಿ ಹತ್ತೂಕಾಲು. ಕೊನೆಯ ದಿನ ಗೊತ್ತು ಮಾಡಿದವಳು ನಾನೇ ಆದ್ದರಿಂದ ಬೈಯಲು ಯಾರೂ ಇಲ್ಲ. ಮಂಗಳವಾರ ಕುದುರೆ ರೇಸಿನ ರಜೆ. ಸೋಮವಾರಕ್ಕೂ ಒಂದು ರಜೆ ಒಗೆದು ಅರ್ಧ ಮೆಲ್ಬರ್ನ್ ಊರು ಬಿಟ್ಟಿದೆ. ನಮ್ಮ ಪುಟ ಜೋಡಿಸುವವರೂ ಮಕ್ಕಳನ್ನು ಕರೆದುಕೊಂಡು ಫಿಲಿಪ್ ದ್ವೀಪಕ್ಕೆ ಪೆಂಗ್ವಿನ್ ನೋಡಲು ಹೋಗಿದ್ದಾರೆ. ಹನ್ನೊಂದೂವರೆಯೊಳಗೆ ಬಂದರೆ ಸರಿ, ಇಲ್ಲದಿದ್ದರೆ ಸಂಪಾದಕೀಯದ ಜಾಗಕ್ಕೆ ರಂಗೋಲಿ ಚಿತ್ರ ಹಾಕುತ್ತೇನೆ ಎಂದು ಅಲ್ಲಿಂದಲೇ ಮೆಸೇಜ್ ಮಾಡಿದ್ದಾರೆ. ಹಾಗಾಗಿ ರಾಜ್ಯೋತ್ಸವದ ಬಗ್ಗೆ ಗಂಭೀರವಾಗಿ ಬರೆಯಬೇಕೆಂದಿದ್ದ ಲೇಖನ ಈ ವರ್ಷವೂ ಇಲ್ಲ. 1956ರಲ್ಲಿ ಏನಾಯಿತು, 1973ರಲ್ಲಿ ಏನಾಯಿತು ಎಂದು ನಿಮಗೆಲ್ಲ ಗೊತ್ತೇ ಇದೆ. ನಾನು ಗುರುವಾರ ಬೆಳಗಿನ ಕತೆ ಹೇಳುತ್ತೇನೆ.

ಈ ಸಲ ನರಕ ಚತುರ್ದಶಿ ಗುರುವಾರ ಬಂತು. ಅಂದರೆ ಆಫೀಸಿನ ದಿನ, ಮಗಳ ಕಿಂಡರ್ (ಶಿಶುವಿಹಾರ) ದಿನ. ಗಂಡನಿಗೆ ರಾತ್ರಿ ಪಾಳಿ. ಎಣ್ಣೆಸ್ನಾನ ಬಿಟ್ಟುಬಿಡೋಣ, ವಾರಾಂತ್ಯಕ್ಕೆ ಮಾಡಿದರಾಯಿತು ಎಂದುಕೊಂಡು ಮಲಗಿದ್ದೆ. ಬೆಳಿಗ್ಗೆ ಐದಕ್ಕೆ ಎಚ್ಚರವಾಯಿತು. ಅಲಾರಂ ಇಟ್ಟಿರಲಿಲ್ಲ. ಈ ಒಂದು ದಿನ ಮಾತ್ರ ಹೀಗೇಕೋ ಗೊತ್ತಿಲ್ಲ. ನಿಮಗೂ ಆಗುತ್ತೆ, ಅಲ್ವಾ?

ಕೊಬ್ಬರಿ ಎಣ್ಣೆ ಬಾಟಲಿಯಲ್ಲಿ ಕಲ್ಲಾಗಿತ್ತು. ವಸಂತ ಬಂದಿದೆ ಎಂದು ಕ್ಯಾಲೆಂಡರ್ ಹೇಳಿದರೂ ನಮ್ಮ ತಾರ್ನೀಟ್‌ನ ಬೆಳಗಿನ ಚಳಿಗೆ ಅದು ಗೊತ್ತಿಲ್ಲ. ಬಿಸಿನೀರಿನ ಪಾತ್ರೆಯಲ್ಲಿ ಬಾಟಲಿ ನಿಲ್ಲಿಸಿ ಕರಗಿಸಿದೆ. ಎರಡು ಕಾಳುಮೆಣಸು ಹಾಕಿದೆ. ವೀಳ್ಯದೆಲೆ ಇರಲಿಲ್ಲ. ನಾಲ್ಕೂವರೆ ವರ್ಷದ ಮಗಳನ್ನು ಎಬ್ಬಿಸಿ, ಇನ್ನೂ ಅರ್ಧ ನಿದ್ದೆಯಲ್ಲಿದ್ದವಳನ್ನು ಬಚ್ಚಲಿನಲ್ಲಿ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂರಿಸಿದೆ. ನೆಲದ ಮೇಲೆ ಏಳು ಎಣ್ಣೆಯ ಚುಕ್ಕೆ ಇಟ್ಟೆ. ಅಶ್ವತ್ಥಾಮ, ಬಲಿ, ವ್ಯಾಸ, ಹನುಮಂತ, ವಿಭೀಷಣ, ಕೃಪ, ಪರಶುರಾಮ. "ಇವರೆಲ್ಲ ಯಾರು?" "ಸಾಯದೇ ಇರೋರು." "ಡೈನೋಸಾರ್ ಥರಾನಾ?" "ಅಲ್ಲ, ಅವು ಸತ್ತಿವೆ." ಅಲ್ಲಿಗೆ ಅವಳ ನಿದ್ದೆ ಪೂರ್ತಿ ಹೋಯಿತು.

ಅಲ್ಲಾಡದೆ ಕೂರಲಿ ಎಂದು ನರಕಾಸುರನ ಕತೆ ಶುರು ಮಾಡಿದೆ. ಅವನು ಹದಿನಾರು ಸಾವಿರ ಹೆಂಗಸರನ್ನು ಸೆರೆಯಲ್ಲಿಟ್ಟದ್ದು, ಅದಿತಿಯ ಓಲೆ ಕಿತ್ತುಕೊಂಡದ್ದು, ಕೃಷ್ಣ ಗರುಡನ ಮೇಲೆ ಬಂದದ್ದು. ಎಣ್ಣೆ ತಿಕ್ಕುತ್ತಾ ಹೇಳುತ್ತಾ ಹೋದೆ. ಮಧ್ಯದಲ್ಲಿ ಕೇಳಿದಳು.

"ಅವನ ಅಮ್ಮ ಎಲ್ಲಿದ್ರು?"

ಭೂದೇವಿ ಅವನ ತಾಯಿ. ಸತ್ಯಭಾಮೆ ಭೂದೇವಿಯದೇ ಅವತಾರ. ಬಾಣ ಬಿಟ್ಟವಳು ಅವಳೇ ಎಂದು ನಮ್ಮ ಅಜ್ಜಿ ಹೇಳುತ್ತಿದ್ದ ಕತೆ. ಸುಳ್ಳು ಹೇಳುವಷ್ಟು ಚುರುಕು ಬೆಳಿಗ್ಗೆ ಐದೂವರೆಗೆ ಯಾರಿಗಿರುತ್ತದೆ? ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟೆ.

"ಅಮ್ಮನೇ ಹೊಡೆದ್ರಾ?"

"ಹೂಂ. ತುಂಬಾ ಗಲಾಟೆ ಮಾಡಿದ್ದ."

ಸ್ವಲ್ಪ ಹೊತ್ತು ಮಾತಿಲ್ಲ. ಎಣ್ಣೆ ಕಿವಿಯ ಹಿಂದೆ ಇಳಿಯುತ್ತಿತ್ತು. ಆಮೇಲೆ ಮೆತ್ತಗೆ ಕೇಳಿದಳು: "ಅವನೂ ಶೂ ಹಾಕ್ಕೊಳ್ಳಲಿಲ್ವಾ?"

ಇದರ ಹಿಂದಿನ ಸಂಗತಿ ಹೇಳಲೇಬೇಕು. ಹಿಂದಿನ ದಿನ, ಬುಧವಾರ ಬೆಳಿಗ್ಗೆ ಏಳೂ ನಲವತ್ತು. ನನ್ನ ರೈಲು ಎಂಟು ಗಂಟೆಗೆ. ಊಟದ ಡಬ್ಬಿ ಆಯಿತು, ನೀರಿನ ಬಾಟಲಿ ಆಯಿತು, ಹ್ಯಾಟ್ ಆಯಿತು. ಹ್ಯಾಟ್ ಇಲ್ಲದಿದ್ದರೆ ಕಿಂಡರ್‌ನಲ್ಲಿ ಬಿಸಿಲಿಗೆ ಬಿಡುವುದಿಲ್ಲ, ಗೊತ್ತಲ್ಲ. ಉಳಿದದ್ದು ಶೂ. ಬಲಗಾಲಿನ ಶೂ ಎಡಗಾಲಿಗೆ ಹಾಕಿಕೊಂಡು, ಹೀಗೇ ಇರಬೇಕು ಎಂದು ಹಟ. ತೆಗೆದು ಸರಿ ಮಾಡಿದರೆ ಒದ್ದು ಬಿಸಾಡಿದಳು. ಒಂದು ಶೂ ಸೋಫಾ ಕೆಳಗೆ ಹೋಯಿತು. ನಾನು ಕೂಗಿದೆ. ಸುಮ್ನೆ ಗದರಿದ್ದಲ್ಲ. ಪಕ್ಕದ ಮನೆಯ ನಾಯಿ ಬೊಗಳಲು ಶುರು ಮಾಡುವಷ್ಟು ಕೂಗಿದೆ. ಕಾರಿನಲ್ಲಿ ಇಬ್ಬರೂ ಮಾತಾಡಲಿಲ್ಲ. ಸಂಜೆ ಮುದ್ದು ಮಾಡಿದೆ, ಅವಳು ನಕ್ಕಳು, ಮರೆತಿದ್ದಾಳೆ ಎಂದುಕೊಂಡೆ. ನೋಡಿದರೆ ಲೆಕ್ಕ ಬರೆದಿಟ್ಟಿದ್ದಳು.

"ಇಲ್ಲ ಪುಟ್ಟಾ, ಅವನದು ಶೂ ವಿಷಯ ಅಲ್ಲ" ಎಂದು ಏನೋ ತೊದಲಿದೆ. ಷವರ್ ಬದಿಗೆ ಸರಿಸಿ, ಬನ್ನಿಂಗ್ಸ್ ಅಂಗಡಿಯಿಂದ ತಂದ ಕೆಂಪು ಬಕೆಟ್ಟಿನಿಂದ ಚೊಂಬಿನಲ್ಲಿ ನೀರು ಹುಯ್ದೆ. ಈ ಬಾಡಿಗೆ ಮನೆಯ ಬಚ್ಚಲ ಗೋಡೆಗೆ ಹಿಂದಿನವರು ಬಿಟ್ಟುಹೋದ ನಾಲ್ಕು ನಿಮಿಷದ ಮರಳು ಗಡಿಯಾರ ಅಂಟಿಕೊಂಡಿದೆ. ಆ ದೊಡ್ಡ ಬರಗಾಲದಲ್ಲಿ, ದಿನಕ್ಕೆ ತಲೆಗೆ 155 ಲೀಟರ್ ಎಂಬ ಗುರಿ ಇದ್ದ ಕಾಲದಲ್ಲಿ, ನೀರಿನವರೇ ಮನೆಮನೆಗೆ ಕೊಟ್ಟದ್ದು. ಮಗಳು ಅದನ್ನು ತಲೆಕೆಳಗೆ ಮಾಡಿ, ಮರಳು ಮುಗಿಯಿತು, ಇನ್ನು ಸಾಕು ಎಂದಳು. ತಲೆಯಲ್ಲಿ ಇನ್ನೂ ಸೀಗೆಕಾಯಿ ಇತ್ತು.

ತೀರ್ಥಹಳ್ಳಿಯ ಹತ್ತಿರದ ನಮ್ಮ ಅಜ್ಜನ ಮನೆಯಲ್ಲಿ ಈ ಸ್ನಾನಕ್ಕೆ ಹಿಂದಿನ ದಿನದಿಂದಲೇ ತಯಾರಿ. ನೀರು ತುಂಬುವ ಹಬ್ಬ. ತಾಮ್ರದ ಹಂಡೆಯ ಮಸಿಯನ್ನು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದರೆ ಒಳಗಿನಿಂದ ಬೇರೆಯೇ ಒಂದು ಹಂಡೆ ಹೊರಬರುತ್ತಿತ್ತು. ಅದರ ಮೈಗೆ ಸುಣ್ಣ, ಕೆಮ್ಮಣ್ಣಿನ ಪಟ್ಟೆ. ಕೊರಳಿಗೆ ಹಿಂಡ್ಲೆಕಾಯಿ ಬಳ್ಳಿ. ಸಂಜೆ ಬಾವಿಯಿಂದ ಹೊಸ ನೀರು ಸೇದಿ, ನಾವು ಮಕ್ಕಳು ಜಾಗಟೆ ಬಾರಿಸುತ್ತಾ ಹಿಂದೆ ಹಿಂದೆ. ಬೆಳಿಗ್ಗೆ ನಾಲ್ಕಕ್ಕೆ ಎಬ್ಬಿಸುತ್ತಿದ್ದರು. ರಜೆಗೆ ಬಂದ ಒಂಬತ್ತು ಮೊಮ್ಮಕ್ಕಳು ದೊಡ್ಡವರಿಂದ ಚಿಕ್ಕವರವರೆಗೆ ಮಣೆಯ ಮೇಲೆ ಸಾಲಾಗಿ. ಅಜ್ಜಿ ಬಂದು ನೆಲಕ್ಕೆ ಏಳು ಚುಕ್ಕೆ ಇಟ್ಟು, ಶ್ಲೋಕ ಹೇಳಿ, ಮೊದಲು ನೆತ್ತಿಗೆ ಒಂದು ಅಂಗೈ ಎಣ್ಣೆ ಸುರಿದು ಪಟಪಟ ತಟ್ಟುತ್ತಿದ್ದರು. ಅಜ್ಜಿಯ ಕೈ ಮೆತ್ತಗಿರಲಿಲ್ಲ. ಅಡಿಕೆ ಸುಲಿದೂ ಸುಲಿದೂ ಬೆರಳೆಲ್ಲ ಒರಟು. ಬೆನ್ನಿಗೆ ತಿಕ್ಕಿದರೆ ಉರಿ. ಅಲ್ಲಾಡಿದರೆ ಒಂದು ಗುದ್ದು. ಎಣ್ಣೆ ಇಳಿಯಲಿ ಎಂದು ಅರ್ಧ ಗಂಟೆ ಬಚ್ಚಲ ಒಲೆಯ ಮುಂದೆ ಕೂರಬೇಕು. ಅಡಿಕೆ ಸಿಪ್ಪೆಯ ಹೊಗೆ, ಎಣ್ಣೆ ಮೈಗೆ ಬೆಂಕಿಯ ಝಳ, ಹೊರಗೆ ಕತ್ತಲೆ. ಆಮೇಲೆ ಅತ್ತೆಯ ಕೈಗೆ ಸಿಗುತ್ತಿದ್ದೆವು. ದಾಸವಾಳ ಸೊಪ್ಪಿನ ಗಂಪು, ಅಂದರೆ ಲೋಳೆ, ತಲೆಗೆ, ಸೀಗೆಪುಡಿ ಕಣ್ಣಿಗೆ, ಕೊತಕೊತ ನೀರು ಬೆನ್ನಿಗೆ. "ಕಣ್ಣು ಮುಚ್ಚು, ಬಾಯೂ ಮುಚ್ಚು." ಬಚ್ಚಲಿನಿಂದ ಹೊರಗೆ ಬಂದಾಗ ಮೈಯಿಂದ ಹಬೆ ಏಳುತ್ತಿತ್ತು. ಒಬ್ಬರ ಹಬೆ ಒಬ್ಬರು ನೋಡಿ ನಗುತ್ತಿದ್ದೆವು.

ಈ ನೆನಪನ್ನು ನಾನು ನೂರು ಸಲ ಹೇಳಿದ್ದೇನೆ. ಇದೇ ಸುದ್ದಿಪತ್ರದಲ್ಲೂ ಒಮ್ಮೆ ಬರೆದಿರಬೇಕು, ಕ್ಷಮಿಸಿ. ಆದರೆ ಗುರುವಾರ ರೈಲಿನಲ್ಲಿ, ಎಂದಿನಂತೆ ಬಾಗಿಲ ಹತ್ತಿರ ಕಂಬ ಹಿಡಿದು ನಿಂತಾಗ, ಮಗಳ ಪ್ರಶ್ನೆ ತಲೆಯಲ್ಲಿ ಸುತ್ತುತ್ತಿತ್ತು. ಅವನ ಅಮ್ಮ ಎಲ್ಲಿದ್ರು? ಆಗ ಗೊತ್ತಾಯಿತು, ನನ್ನ ಈ ಇಡೀ ನೆನಪಿನಲ್ಲಿ ನನ್ನ ಅಮ್ಮನೇ ಇಲ್ಲ. ಅಜ್ಜಿ ಇದ್ದಾರೆ, ಅತ್ತೆ ಇದ್ದಾರೆ, ಜಾಗಟೆ ಇದೆ, ಹಿಂಡ್ಲೆಕಾಯಿ ಕೂಡ ಇದೆ. ಅಮ್ಮ ಒಂದು ಮೂಲೆಯಲ್ಲೂ ಇಲ್ಲ.

ಮಧ್ಯಾಹ್ನ ಊಟದ ಹೊತ್ತಿಗೆ ಫೋನ್ ಮಾಡಿ ಕೇಳಿಯೇಬಿಟ್ಟೆ. "ನೀನು ಎಲ್ಲಿರ್ತಿದ್ದೆ ಅಮ್ಮಾ?"

"ಎಲ್ಲಿರ್ತೀನಿ? ಒಲೆಗೆ ಕಟ್ಟಿಗೆ ಒಟ್ಟೋರು ಯಾರು? ಹನ್ನೆರಡು ಜನದ ಸ್ನಾನಕ್ಕೆ ನೀರು ಸೇದೋರು ಯಾರು? ಮೂರು ಗಂಟೆಗೆ ಎದ್ದು ದೋಸೆ ಹಿಟ್ಟು ನೋಡಿ, ಸೌತೆಕಾಯಿ ಕಡುಬಿಗೆ ತುರಿದಿಟ್ಟು..."

"ನಿನಗೆ ಎಣ್ಣೆ ಯಾರು ಹಚ್ತಿದ್ರು?"

"ನಾನೇ. ಎಲ್ಲರದೂ ಆಗಿ ನನ್ನ ಸರದಿ ಬರೋ ಹೊತ್ತಿಗೆ ಹಂಡೆ ತಳ ಕಾಣ್ತಿತ್ತು. ತಣ್ಣೀರು ಬೆರೆಸಿಕೊಳ್ತಿದ್ದೆ." ದೂರಿನ ದನಿಯೇ ಅಲ್ಲ. ಹೇಳಿದವಳೇ ತಕ್ಷಣ ಕೇಳಿದಳು: "ಮಗೂಗೆ ಕಿವಿಗೆ ನೀರು ಹೋಗದ ಹಾಗೆ ನೋಡಿಕೊಂಡೆ ತಾನೆ?"

ಇದನ್ನು ಬರೆಯುತ್ತಾ ನಮ್ಮ ಕಾರ್ಯಕ್ರಮಗಳ ಫೋಟೋ ಆಲ್ಬಂ ತೆರೆದು ನೋಡಿದೆ. ಮಕ್ಕಳ ನೃತ್ಯ, ದೀಪ ಬೆಳಗಿಸುವುದು, ಅತಿಥಿಗಳಿಗೆ ಶಾಲು. ಯುಗಾದಿಗೆ ಮುನ್ನೂರು ಜನರ ಬಿಸಿಬೇಳೆಬಾತ್ ಮಾಡಿದ ಆರು ಜನರ ಒಂದೇ ಒಂದು ಫೋಟೋ ಇಲ್ಲ. ಒಂದರಲ್ಲಿ ಸೌಟು ಹಿಡಿದ ಕೈ ಮಾತ್ರ ಬಂದಿದೆ. ಯಾರ ಕೈ ಎಂದು ನನಗೆ ಗೊತ್ತು. ಆ ದಂಪತಿ ಡಿಸೆಂಬರ್‌ನಲ್ಲಿ ಶಿವಮೊಗ್ಗಕ್ಕೆ ಪೂರ್ತಿ ವಾಪಸ್ಸು ಹೋಗುತ್ತಿದ್ದಾರೆ. ಬೀಳ್ಕೊಡುಗೆ ಸಮಾರಂಭ ಬೇಡವೇ ಬೇಡ ಎಂದು ಆಣೆ ಹಾಕಿದ್ದಾರೆ, ಹಾಗಾಗಿ ಹೆಸರು ಹಾಕುತ್ತಿಲ್ಲ.

ಗಡಿಯಾರ ಹನ್ನೊಂದು ದಾಟಿತು, ಪ್ರಕಟಣೆಗಳು ಬೇಗ ಬೇಗ. ದೀಪಾವಳಿ ಮತ್ತು ರಾಜ್ಯೋತ್ಸವ ಒಟ್ಟಿಗೆ, ನವೆಂಬರ್ 16, ಶನಿವಾರ, ಸಂಜೆ 4ಕ್ಕೆ, ಎಂದಿನ ಸಭಾಂಗಣ. ಸೂರ್ಯ ಮುಳುಗುವುದು ಎಂಟರ ನಂತರ, ಆದ್ದರಿಂದ ಪರದೆ ಎಳೆದು ದೀಪ ಹಚ್ಚುತ್ತೇವೆ, ಮಕ್ಕಳು "ಇನ್ನೂ ಬೆಳಕಿದೆಯಲ್ಲ" ಎಂದರೆ ದಯವಿಟ್ಟು ಸುಮ್ಮನಾಗಿಸಿ. ಪಟಾಕಿ ಯಾರೂ ತರಬೇಡಿ, ವಿಕ್ಟೋರಿಯಾದಲ್ಲಿ ಜನಸಾಮಾನ್ಯರಿಗೆ ಅದು ಕಾನೂನು ಪ್ರಕಾರ ನಿಷಿದ್ಧ. ಸುರುಸುರುಬತ್ತಿಯೂ ಸಭಾಂಗಣದ ಒಳಗೆ ಬೇಡ. ತಟ್ಟೆ ಲೋಟ ಮನೆಯಿಂದಲೇ ತನ್ನಿ. ನಾಡಗೀತೆಯ ಅಭ್ಯಾಸ ಮುಂದಿನ ಭಾನುವಾರ ಬೆಳಿಗ್ಗೆ ಹತ್ತಕ್ಕೆ. ಕರ್ನಾಟಕ ಸರ್ಕಾರ 2022ರಲ್ಲೇ ಧಾಟಿಯನ್ನೂ 2 ನಿಮಿಷ 30 ಸೆಕೆಂಡ್ ಅವಧಿಯನ್ನೂ ಗೊತ್ತು ಮಾಡಿದೆ, ಆದ್ದರಿಂದ ಯಾವ ಧಾಟಿ ಎಂಬ ಜಗಳ ಈ ವರ್ಷ ಇಲ್ಲ. ಕನ್ನಡ ಶಾಲೆಯ ಈ ವರ್ಷದ ಕೊನೆಯ ತರಗತಿ ಡಿಸೆಂಬರ್ ಮೊದಲ ಶನಿವಾರ. ಯುಗಾದಿಯ ದಿನ ಬಿಟ್ಟುಹೋದ ನೀಲಿ ಟಿಫಿನ್ ಡಬ್ಬಿ ಇನ್ನೂ ನನ್ನ ಹತ್ತಿರವೇ ಇದೆ. ಈಗ ಅದರಲ್ಲಿ ನಾನೇ ಊಟ ಒಯ್ಯುತ್ತಿದ್ದೇನೆ.

ಇನ್ನು ಕೇಳಿಕೊಳ್ಳುವುದು. ಆ ದಂಪತಿಯ ಗ್ಯಾರೇಜಿನಲ್ಲಿ ನಮ್ಮ ಬಳಗದ ಎರಡು ದೊಡ್ಡ ಕೊಳಗ, ಬಾಣಲೆ, ಮೂರು ಸೌಟು, ಮೈಕು, ಬ್ಯಾನರ್, ಒಂದು ಮುರಿದ ಧ್ವಜದ ಕೋಲು ಇವೆ. ಇವಕ್ಕೆ ಒಂದು ಮನೆ ಬೇಕು. ಕಾರು ಹೊರಗೆ ನಿಲ್ಲಿಸಲು ಒಪ್ಪುವವರು ಯಾರಾದರೂ ಇದ್ದೀರಾ? ಅಡುಗೆಗೂ ಕನಿಷ್ಠ ನಾಲ್ಕು ಜನ ಬೇಕು. ಈರುಳ್ಳಿ ಹೆಚ್ಚಲು ಬಂದರೆ ಸಾಕು, ಅಳತೆಯನ್ನೆಲ್ಲ ಅವರು ಹೋಗುವ ಮೊದಲು ಬರೆಸಿಕೊಳ್ಳುತ್ತೇನೆ. ಮತ್ತೆ ಈ ಸುದ್ದಿಪತ್ರ. ಎರಡು ವರ್ಷಕ್ಕೆಂದು ಒಪ್ಪಿಕೊಂಡಿದ್ದೆ, ಇದು ಐದನೆಯದು. ಚೆನ್ನಾಗಿ ಬರೆಯಬೇಕು ಅಂತೇನಿಲ್ಲ, ನಾನೇ ಬರೆಯುತ್ತಿಲ್ಲವೇ. ಫೋನಿನಲ್ಲಿ ಕನ್ನಡ ಟೈಪ್ ಮಾಡಲು ಬಂದರೆ ಸಾಕು. ಜೊತೆಗೆ ಒಬ್ಬರು ಇದ್ದರೆ ಭಾನುವಾರ ರಾತ್ರಿ ಒಬ್ಬರಾದರೂ ಮಲಗಬಹುದು.

ಕೊನೆಯದಾಗಿ ಒಂದು ಸ್ವಂತ ಕೋರಿಕೆ. ಗುರುವಾರ ಸಂಜೆ ನಾನು ಅಡುಗೆ ಮಾಡುತ್ತಿದ್ದಾಗ ಮಗಳು ತನ್ನ ಬಟ್ಟೆಯ ವಾಂಬ್ಯಾಟ್ ಗೊಂಬೆಗೆ ಎಣ್ಣೆಸ್ನಾನ ಮಾಡಿಸಿದಳು. ಶಾಸ್ತ್ರ ಬಿಟ್ಟಿಲ್ಲ, ಮೊದಲು ನಡುಮನೆಯ ಕಾರ್ಪೆಟ್ ಮೇಲೆ ಚಿರಂಜೀವಿಗಳಿಗೆ ಚುಕ್ಕೆ ಇಟ್ಟಿದ್ದಾಳೆ. ಬಾಡಿಗೆ ಮನೆಯ ತಪಾಸಣೆ ಡಿಸೆಂಬರ್ ಎರಡನೇ ವಾರ. ಅಡುಗೆ ಸೋಡಾ ಹಾಕಿ ಆಯಿತು, ಪಾತ್ರೆ ಸೋಪು ಹಾಕಿ ಆಯಿತು. ಕೊಬ್ಬರಿ ಎಣ್ಣೆಯ ಕಲೆ ತೆಗೆಯುವ ಉಪಾಯ ಗೊತ್ತಿದ್ದವರು ದಯವಿಟ್ಟು ತಿಳಿಸಿ. ಎಣಿಸಿದರೆ ಆರೇ ಸಿಗುತ್ತಿವೆ. ಏಳು ಇಟ್ಟಿದ್ದೇನೆ ಎಂದು ಅವಳು ಖಂಡಿತವಾಗಿ ಹೇಳುತ್ತಿದ್ದಾಳೆ, ಎಲ್ಲಿ ಎಂದು ಮಾತ್ರ ಹೇಳುತ್ತಿಲ್ಲ.