ಹುಡುಗಿಯರ ಮಂಡಿಗೆ ಹದಿನೈದು ನಿಮಿಷ ಕೊಡಿ

ಮಾನ್ಯರೇ,

ಹೋಬಳಿ ಮಟ್ಟದ ಶಾಲಾ ಕ್ರೀಡಾಕೂಟಗಳು ಶುರುವಾಗಿವೆ. ಪ್ರತಿ ವರ್ಷ ಈ ಹೊತ್ತಿಗೆ ಒಬ್ಬಿಬ್ಬರು ಹುಡುಗಿಯರು ಮಂಡಿ ಹಿಡಿದುಕೊಂಡು ಕುಂಟುತ್ತಾ ಮನೆಗೆ ಹೋಗುತ್ತಾರೆ. ಪ್ರೌಢಶಾಲೆಯೊಂದರ ದೈಹಿಕ ಶಿಕ್ಷಕಿಯಾಗಿ ಈ ಬಗ್ಗೆ ಬರೆಯುತ್ತಿದ್ದೇನೆ.

ಪಕ್ಕದ ಊರಿನಲ್ಲಿ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳಿದ್ದಳು, ಒಳ್ಳೇ ರೈಡರ್. ಹೋದ ವರ್ಷ ಕಬಡ್ಡಿಯಲ್ಲಿ ರೈಡ್ ಮುಗಿಸಿ ಮಧ್ಯದ ಗೆರೆಯತ್ತ ತಿರುಗಿದಳು. ಯಾರೂ ಮುಟ್ಟಿರಲಿಲ್ಲ. ಮಂಡಿ ಟಕ್ ಅಂದಿತು, ಬಿದ್ದಳು. ಸಂಜೆಗೆ ಊದಿಕೊಂಡಿತು. ಉಳುಕಿದೆ ಅಂತ ಮನೆಯಲ್ಲಿ ಎಣ್ಣೆ ಹಚ್ಚಿ ನೀವಿದರು. ಊತ ಇಳಿದ ಮೇಲೆ ಮತ್ತೆ ಆಡಿದಳು, ಮಂಡಿ ಮತ್ತೆ ಜಾರಿತು. ದಾವಣಗೆರೆಯಲ್ಲಿ ಎಂಆರ್‌ಐ ಮಾಡಿಸಿದಾಗ ಎಸಿಎಲ್ ಹರಿದಿರುವುದು ಗೊತ್ತಾಯಿತು. ಮಂಡಿಯನ್ನು ಒಳಗಿನಿಂದ ಬಿಗಿಯಾಗಿ ಹಿಡಿದಿಡುವ ಲಿಗಮೆಂಟ್ ಅದು. ಆಪರೇಷನ್ ಆದರೆ ಆಟಕ್ಕೆ ಮರಳಲು ಒಂಬತ್ತು ತಿಂಗಳಾದರೂ ಬೇಕು. ಅವಳ ಅಪ್ಪ ಈಗ ಅವಳ ತಂಗಿಯನ್ನೂ ಮೈದಾನಕ್ಕೆ ಕಳಿಸುತ್ತಿಲ್ಲ.

ಹೀಗೆ ಯಾರೂ ಮುಟ್ಟದೆಯೇ ಆಗುವ ಪೆಟ್ಟುಗಳೇ ಜಾಸ್ತಿ. ಓಡುತ್ತಾ ಥಟ್ಟನೆ ನಿಲ್ಲುವಾಗ, ಖೋ-ಖೋದಲ್ಲಿ ಕಂಬ ಸುತ್ತುವಾಗ, ಸ್ಮ್ಯಾಶ್ ಹೊಡೆದು ಒಂದೇ ಕಾಲಿನ ಮೇಲೆ ಇಳಿಯುವಾಗ. ಹುಡುಗರಿಗಿಂತ ಹುಡುಗಿಯರಿಗೆ ಈ ಅಪಾಯ ಎರಡು ಮೂರು ಪಟ್ಟು ಹೆಚ್ಚು. ಹದಿಹರೆಯದಲ್ಲಿ ಎತ್ತರ, ತೂಕ ಬೇಗ ಏರುತ್ತದೆ. ಆ ವೇಗಕ್ಕೆ ಸೊಂಟ, ತೊಡೆಯ ಸ್ನಾಯುಗಳು ಬಲಿಯುವುದಿಲ್ಲ. ಹಾರಿ ಇಳಿಯುವಾಗ ಮಂಡಿ ಮಡಚುವುದು ಕಡಿಮೆ, ಎರಡೂ ಮಂಡಿ ಒಳಕ್ಕೆ ವಾಲುತ್ತವೆ. ಹಾಗಂತ 'ಹುಡುಗಿಯರ ಕಾಲು ವೀಕು, ಆಡಿಸಬೇಡಿ' ಅನ್ನುವವರ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಇಳಿಯುವ ರೀತಿಯನ್ನು ಕಲಿಸಬಹುದು ಸ್ವಾಮಿ!

ಸ್ವೀಡನ್‌ನಲ್ಲಿ 12ರಿಂದ 17 ವರ್ಷದ ನಾಲ್ಕೂವರೆ ಸಾವಿರ ಫುಟ್ಬಾಲ್ ಹುಡುಗಿಯರ ಮೇಲೆ ನಡೆದ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ವಾರಕ್ಕೆ ಎರಡು ಸಲ, ಹದಿನೈದು ನಿಮಿಷದ ವ್ಯಾಯಾಮ ಮಾಡಿದ ತಂಡಗಳಲ್ಲಿ ಎಸಿಎಲ್ ಪೆಟ್ಟು ಶೇ 64ರಷ್ಟು ಕಡಿಮೆಯಿತ್ತು. ವಿಶ್ವ ಫುಟ್ಬಾಲ್ ಸಂಸ್ಥೆ ಫಿಫಾದ '11 ಪ್ಲಸ್' ಅನ್ನುವ ವ್ಯಾಯಾಮವೂ ಇದೇ ಜಾತಿಯದು, ಸುಮಾರು ಇಪ್ಪತ್ತು ನಿಮಿಷ ಹಿಡಿಯುತ್ತದೆ. ಜಿಮ್ ಬೇಡ, ದುಡ್ಡೂ ಬೇಡ.

ನಮ್ಮ ಶಾಲೆಯಲ್ಲಿ ಜಗಲಿಯ ಕೆಳಗಿನ ಮೆಟ್ಟಿಲಿನಿಂದ ಹಾರಿಸುತ್ತೇನೆ. ಕಾಲು ನೆಲಕ್ಕೆ ತಾಗಿದ ಸದ್ದು ಕೇಳಿಸಬಾರದು, ಅದೇ ನಿಯಮ. ಎದುರಿಗೆ ನಿಂತ ಗೆಳತಿ ಮಂಡಿ ನೋಡುತ್ತಿರುತ್ತಾಳೆ. ಒಳಕ್ಕೆ ವಾಲಿದರೆ 'ಏಯ್, ಮಂಡಿ!' ಅಂತ ಕೂಗುತ್ತಾಳೆ. ಆಮೇಲೆ ಒಂಟಿಕಾಲಿನಲ್ಲಿ ನಿಂತು ಅರ್ಧ ಬಸ್ಕಿ, ಪ್ಲ್ಯಾಂಕ್, ಅಡ್ಡಾದಿಡ್ಡಿ ಓಡಿ ಥಟ್ಟನೆ ನಿಲ್ಲುವುದು. ಒಬ್ಬಳು ಹಿಮ್ಮಡಿ ಹಿಡಿದುಕೊಂಡರೆ ಇನ್ನೊಬ್ಬಳು ಮಂಡಿಯೂರಿ, ಬೆನ್ನು ನೇರ ಇಟ್ಟು, ನಿಧಾನಕ್ಕೆ ಮುಂದಕ್ಕೆ ಬಾಗುತ್ತಾಳೆ. ತೊಡೆಯ ಹಿಂಭಾಗಕ್ಕೆ ಇದು ಒಳ್ಳೆಯದು. ಮೊದಮೊದಲು ಎಲ್ಲರೂ ದೊಪ್ಪನೆ ಬೀಳುತ್ತಾರೆ, ನಗುತ್ತಾರೆ. ಕೂಟಕ್ಕೆ ಒಂದು ವಾರ ಇರುವಾಗ ಶುರು ಮಾಡಿದರೆ ಪ್ರಯೋಜನವಿಲ್ಲ. ಜೂನ್‌ನಲ್ಲಿ ಶಾಲೆ ಬಾಗಿಲು ತೆರೆದಾಗಿನಿಂದಲೇ ಬೇಕು.

ದೈಹಿಕ ಶಿಕ್ಷಕರ ಕಾರ್ಯಾಗಾರಗಳಲ್ಲಿ ನಿಯಮ, ಅಂಕಪಟ್ಟಿ ಅಂತಲೇ ಹೊತ್ತು ಕಳೆಯುತ್ತದೆ. ಅದರಲ್ಲಿ ಒಂದು ಗಂಟೆ ಇದಕ್ಕೆ ಇಡಿ. ಮೈದಾನದಲ್ಲೂ ಒಂದು ಸಣ್ಣ ಬದಲಾವಣೆ ಆಗಬೇಕು. ಈಗ ಹುಡುಗಿಯರು ಬೆಳಿಗ್ಗೆಯಿಂದ ಬಿಸಿಲಲ್ಲಿ ಕೂತಿರುತ್ತಾರೆ. ತಮ್ಮ ಶಾಲೆಯ ಹೆಸರು ಕೂಗಿದ ತಕ್ಷಣ ಎದ್ದು ಓಡಿ ಅಂಕಣಕ್ಕೆ ಇಳಿಯುತ್ತಾರೆ. ಸಂಘಟಕರು ಪಂದ್ಯಕ್ಕೆ ಹದಿನೈದು ನಿಮಿಷ ಮುಂಚೆಯೇ ಎರಡೂ ತಂಡಗಳನ್ನು ಮೈಕಿನಲ್ಲಿ ಕರೆದು, ಮೈ ಬಿಸಿ ಮಾಡಿಕೊಳ್ಳಲು ಪಕ್ಕದಲ್ಲಿ ಒಂದಿಷ್ಟು ಜಾಗ ಬಿಡಲಿ.

– ದೈಹಿಕ ಶಿಕ್ಷಕಿ, ಚನ್ನಗಿರಿ ತಾಲ್ಲೂಕು