ಚುಕ್ಕಿ ಮತ್ತು ಮುತ್ತು ಮೊದಲ ಸಲ ಡಾಕ್ಟರ್ ಹತ್ತಿರ ಹೋಗುವ ಮುಂಚೆ, ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

ಶನಿವಾರ ನಮ್ಮ ಗಿನಿಪಿಗ್‌ಗಳಾದ ಚುಕ್ಕಿ, ಮುತ್ತು ಇಬ್ಬರನ್ನೂ ಡಾಕ್ಟರಿಗೆ ತೋರಿಸೋಣ ಅಂದಾಗ ನೀನು ಕೇಳಿದೆಯಲ್ಲ, "ಅವಕ್ಕೆ ಏನೂ ಆಗಿಲ್ಲವಲ್ಲಪ್ಪಾ, ಸುಮ್ನೆ ಯಾಕೆ ಹೆದರಿಸೋದು?" ಅಂತ. ನಿನ್ನ ಪ್ರಶ್ನೆ ಸರಿಯಾಗಿದೆ. ಎರಡು ಮಾತಿನಲ್ಲಿ ಮುಗಿಯುವ ಉತ್ತರ ಅಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಏನೂ ಆಗದೇ ಇರುವಾಗಲೇ ಹೋಗಬೇಕು ಪುಟ್ಟಿ. ಗಿನಿಪಿಗ್ ಅಂದರೆ ಬೇರೆ ಪ್ರಾಣಿಗಳ ಬಾಯಿಗೆ ಬೀಳುವ ಪ್ರಾಣಿ. ಬಯಲಿನಲ್ಲಿ ಯಾವುದು ಕುಂಟುತ್ತದೋ, ಯಾವುದು ಸೊರಗಿ ಕೂತಿರುತ್ತದೋ ಅದೇ ಮೊದಲು ಹದ್ದಿನ ಕಣ್ಣಿಗೆ ಬೀಳುವುದು. ಹಾಗಾಗಿ ನೋವಿದ್ದರೂ ತೋರಿಸಿಕೊಳ್ಳದೇ ಇರುವುದು ಅವುಗಳ ಹುಟ್ಟುಗುಣ. ಮನೆಯೊಳಗೆ ಹದ್ದು ಬರುವುದಿಲ್ಲ ಅಂತ ನಮಗೆ ಗೊತ್ತು, ಅವಕ್ಕೆ ಗೊತ್ತಿಲ್ಲ. ಕಾಯಿಲೆ ನಮ್ಮ ಕಣ್ಣಿಗೆ ಕಾಣುವ ಹೊತ್ತಿಗೆ ಅದು ಎಷ್ಟೋ ಜಾಸ್ತಿಯಾಗಿರುತ್ತದೆ. ಈಗ ಚೆನ್ನಾಗಿರುವಾಗಲೇ ಡಾಕ್ಟರ್ ಒಮ್ಮೆ ನೋಡಿ, ತೂಕ ಇಷ್ಟು, ಹಲ್ಲು ಹೀಗಿದೆ, ಎದೆಯ ಸದ್ದು ಹೀಗಿದೆ ಅಂತ ಬರೆದಿಟ್ಟರೆ, ಮುಂದೆ ಏನಾದರೂ ಬದಲಾದಾಗ ಹೋಲಿಸಿ ನೋಡುವುದಕ್ಕೆ ಆಗುತ್ತದೆ.

ಇನ್ನೊಂದು ಕಾರಣವೂ ಇದೆ. ನಾಯಿ, ಬೆಕ್ಕು ನೋಡುವ ಡಾಕ್ಟರುಗಳಿಗೆಲ್ಲ ಗಿನಿಪಿಗ್ ನೋಡಿ ಅಭ್ಯಾಸ ಇರುವುದಿಲ್ಲ. ನಾಯಿಗೆ ಕೊಡುವ ಔಷಧಿ ಎಲ್ಲಾ ಇವಕ್ಕೆ ಆಗುವುದೂ ಇಲ್ಲ. ಪೆನಿಸಿಲಿನ್, ಅಮಾಕ್ಸಿಸಿಲಿನ್ ಥರದ ಆಂಟಿಬಯಾಟಿಕ್ ಹೊಟ್ಟೆಗೆ ಹೋದರೆ, ಹುಲ್ಲು ಅರಗಿಸಲು ಬೇಕಾದ ಒಳ್ಳೆಯ ಬ್ಯಾಕ್ಟೀರಿಯಾಗಳೇ ಸಾಯುತ್ತವೆ, ಅದರಿಂದ ಪ್ರಾಣವೇ ಹೋಗಬಹುದು. ಇಂಥ ವಿಷಯ ತಿಳಿದ ಡಾಕ್ಟರನ್ನು ರಾತ್ರಿ ಹೊತ್ತು ಗಾಬರಿಯಲ್ಲಿ ಹುಡುಕುವುದಕ್ಕಿಂತ ಈಗಲೇ ಪರಿಚಯ ಮಾಡಿಕೊಳ್ಳುವುದು ಒಳ್ಳೆಯದು, ಅಲ್ವಾ? ನಾನು ಫೋನ್ ಮಾಡಿ ಕೇಳಿದ್ದೇನೆ. ಅವರು ಗಿನಿಪಿಗ್, ಮೊಲ ದಿನಾ ನೋಡುತ್ತಾರಂತೆ, ಬಾಯಿಯ ಒಳಗಿನ ಹಲ್ಲನ್ನೂ ಪರೀಕ್ಷೆ ಮಾಡುತ್ತಾರಂತೆ.

ಹಲ್ಲಿನ ವಿಷಯ ನಿನಗೆ ಗೊತ್ತಿರಲಿ. ಗಿನಿಪಿಗ್‌ಗೆ 20 ಹಲ್ಲು. ಇಪ್ಪತ್ತೂ ಸಾಯುವ ತನಕ ಬೆಳೆಯುತ್ತಲೇ ಇರುತ್ತವೆ. ಒಣಹುಲ್ಲು ಅಗಿದು ಅಗಿದು ಅವು ಸವೆಯಬೇಕು. ದವಡೆ ಹಲ್ಲು ಸರಿಯಾಗಿ ಸವೆಯದಿದ್ದರೆ ನಾಲಿಗೆಯ ಮೇಲೆ ಕಮಾನಿನ ಹಾಗೆ ಬಾಗಿ ಬೆಳೆದು, ಹಸಿವಿದ್ದರೂ ನುಂಗಲು ಆಗದ ಹಾಗೆ ಮಾಡುತ್ತವೆ. ಎದುರಿಗೆ ಕಾಣುವ ಹಲ್ಲು ಮಾತ್ರ ನೋಡಿದರೆ ಇದು ತಿಳಿಯುವುದಿಲ್ಲ. ಅದಕ್ಕೇ ಡಾಕ್ಟರ್ ಬಾಯೊಳಗೆ ಸಣ್ಣ ದೀಪದ ಉಪಕರಣ ಹಾಕಿ ನೋಡುತ್ತಾರೆ. ಆಗ ಮುತ್ತು ಕೊಸರಾಡಬಹುದು, ಕಿರುಚಲೂಬಹುದು. ನಿನಗೆ ಅಳು ಬಂದರೆ ಪರವಾಗಿಲ್ಲ, ಆದರೆ ಮಧ್ಯೆ ಕೈ ಹಾಕಬೇಡ. ಅವು ಹಿಡಿದುಕೊಂಡಿದ್ದಕ್ಕೇ ಕಿರುಚುತ್ತವೆ, ಕಿರುಚಿದಾಗೆಲ್ಲ ನೋವಾಗಿದೆ ಅಂತ ಅರ್ಥವಲ್ಲ.

ಗಂಡೋ ಹೆಣ್ಣೋ ಅಂತಲೂ ನೋಡಲು ಹೇಳುತ್ತೇನೆ. ಅಂಗಡಿಯವರು ಎರಡೂ ಹೆಣ್ಣು ಅಂದಿದ್ದಾರೆ, ಆದರೆ ಮರಿಗಳಲ್ಲಿ ಇದು ತಪ್ಪಾಗುವುದು ಬಹಳ ಸಾಮಾನ್ಯ. ಹೆಣ್ಣು ಮರಿ ಒಂದು ತಿಂಗಳು ದಾಟುತ್ತಿದ್ದ ಹಾಗೇ ಗರ್ಭ ಧರಿಸಬಲ್ಲದು, ಸುಮಾರು 59ರಿಂದ 72 ದಿನಕ್ಕೆ ಮರಿ ಹಾಕುತ್ತದೆ. ಹೆರಿಗೆ ಅವಕ್ಕೆ ಅಪಾಯದ್ದು. ಅದರಲ್ಲೂ ಏಳೆಂಟು ತಿಂಗಳು ದಾಟಿದ ಮೇಲೆ ಮೊದಲ ಸಲ ಗರ್ಭವಾದರೆ ಸೊಂಟದ ಮೂಳೆ ಹಿಗ್ಗದೇ ಇರಬಹುದು, ತಾಯಿ ಸಾಯಲೂಬಹುದು. ನಿನಗೆ ಮರಿ ನೋಡುವ ಆಸೆ ಇದೆ ಅಂತ ಗೊತ್ತು ಕಂದಾ, ಆದರೂ ಇದನ್ನು ಹೇಳದೇ ಇರಲು ಆಗುವುದಿಲ್ಲ.

ಈಗ ಹೋಗುವ ದಿನದ ಮಾತು. ಇಬ್ಬರನ್ನೂ ಒಟ್ಟಿಗೇ ಒಂದೇ ಪೆಟ್ಟಿಗೆಯಲ್ಲಿ ಕರೆದುಕೊಂಡು ಹೋಗೋಣ, ಜೊತೆ ಇದ್ದರೆ ಧೈರ್ಯ. ಕೆಳಗೆ ಟವೆಲ್, ಮೇಲೆ ಕೈತುಂಬ ಒಣಹುಲ್ಲು, ನೀರಿನ ಬದಲು ಎರಡು ಹೋಳು ಸೌತೆಕಾಯಿ. ಡಾಕ್ಟರ್ ಹತ್ತಿರ ಹೋಗಬೇಕು ಅಂತ ಹಸಿದಿರಿಸಬೇಡ, ಇವು ವಾಂತಿ ಮಾಡುವ ಪ್ರಾಣಿಗಳೇ ಅಲ್ಲ. ಹೊಟ್ಟೆ ಖಾಲಿ ಇದ್ದರೇ ತೊಂದರೆ. ಅಲ್ಲಿ ಕಾಯುವಾಗ ಪೆಟ್ಟಿಗೆಯನ್ನು ನೆಲದ ಮೇಲೆ ಇಡುವುದು ಬೇಡ, ನಾಯಿಗಳು ಮೂಸುತ್ತವೆ. ನಿನ್ನ ತೊಡೆಯ ಮೇಲಿಟ್ಟುಕೊಂಡು ಗಾಳಿಯಾಡುವ ಹಾಗೆ ಬಟ್ಟೆ ಮುಚ್ಚು. ಬಿಸಿಲಲ್ಲಿ ನಿಂತ ಕಾರಿನೊಳಗೆ ಒಂದು ನಿಮಿಷವೂ ಬಿಡುವ ಹಾಗಿಲ್ಲ, ಸೆಕೆ ಅವಕ್ಕೆ ಸ್ವಲ್ಪವೂ ತಡೆಯುವುದಿಲ್ಲ. ಎತ್ತುವಾಗ ಒಂದು ಕೈ ಎದೆಯ ಕೆಳಗೆ, ಇನ್ನೊಂದು ಹಿಂಭಾಗಕ್ಕೆ. ಇದು ನಿನಗೆ ನನಗಿಂತ ಚೆನ್ನಾಗಿ ಬರುತ್ತದೆ.

ಡಾಕ್ಟರ್ ಕೇಳುವ ಪ್ರಶ್ನೆಗೆ ಉತ್ತರ ನೀನೇ ಹೇಳಬೇಕು. ದಿನಾ ಅವುಗಳ ಹತ್ತಿರ ಕೂರುವವಳು ನೀನು. ಎಷ್ಟು ಹುಲ್ಲು ತಿನ್ನುತ್ತವೆ, ಹಿಕ್ಕೆ ಹೇಗಿದೆ, ಯಾರು ಜಾಸ್ತಿ ತುರಿಸಿಕೊಳ್ಳುತ್ತಾರೆ, ಇದೆಲ್ಲ ಒಂದು ಚೀಟಿಯಲ್ಲಿ ಬರೆದುಕೋ. ಅವತ್ತಿನ ಹಿಕ್ಕೆ ನಾಲ್ಕನ್ನು ಡಬ್ಬಿಯಲ್ಲಿ ಹಾಕಿಕೋ, ಬೇಕು ಅನ್ನಬಹುದು. ಮನುಷ್ಯರ ಹಾಗೇ ಗಿನಿಪಿಗ್‌ಗೂ ವಿಟಮಿನ್ ಸಿ ಮೈಯಲ್ಲೇ ತಯಾರಾಗುವುದಿಲ್ಲ, ತಿಂದೇ ಸಿಗಬೇಕು. ನಾವು ಕೊಡುವ ದಪ್ಪ ಮೆಣಸಿನಕಾಯಿ ಸಾಕಾ ಅಂತ ಕೇಳು. ನೀರಿಗೆ ಹಾಕುವ ವಿಟಮಿನ್ ಸಿ ಹನಿ ಬೇಡ ಅಂತ ನನ್ನ ಅಭಿಪ್ರಾಯ, ನೀರಿನಲ್ಲಿ ಅದು ಬೇಗ ಶಕ್ತಿ ಕಳೆದುಕೊಳ್ಳುತ್ತದೆ. ಉಗುರು ಕತ್ತರಿಸುವುದನ್ನೂ ನಮಗೆ ಕಲಿಸಿಕೊಡಿ ಅಂತ ಕೇಳೋಣ, ಮುತ್ತುವಿನ ಉಗುರು ಕಪ್ಪು, ಒಳಗಿನ ರಕ್ತನಾಳ ಕಾಣುವುದೇ ಇಲ್ಲ.

ಮನೆಗೆ ಬಂದ ಮೇಲೆ ಅವು ಸ್ವಲ್ಪ ಹೊತ್ತು ಮೂಲೆ ಸೇರಬಹುದು. ಎತ್ತಿ ಮುದ್ದಿಸಬೇಡ, ಬಿಟ್ಟುಬಿಡು. ಆದರೆ ತಿನ್ನುತ್ತಿವೆಯಾ, ಹಿಕ್ಕೆ ಹಾಕುತ್ತಿವೆಯಾ ಅಂತ ಮಾತ್ರ ನೋಡುತ್ತಿರು. ಯಾವತ್ತೇ ಆಗಲಿ, ಅರ್ಧ ದಿನ ಏನೂ ತಿನ್ನಲಿಲ್ಲ ಅಂದರೆ ನನ್ನನ್ನು ನಿದ್ದೆಯಿಂದಾದರೂ ಎಬ್ಬಿಸು. ತಿನ್ನುವುದು ನಿಂತರೆ ಕರುಳೂ ನಿಲ್ಲುತ್ತದೆ, ನಾಳೆ ನೋಡೋಣ ಅನ್ನುವಷ್ಟು ಸಮಯ ಅವಕ್ಕೆ ಇರುವುದಿಲ್ಲ. ವಾರಕ್ಕೊಮ್ಮೆ ಅಡುಗೆಮನೆಯ ತೂಕದ ಯಂತ್ರದಲ್ಲಿ ಇಬ್ಬರನ್ನೂ ತೂಗಿ ಬರೆದಿಡೋಣ. ದೊಡ್ಡವಾದ ಮೇಲೆ ಸಾಮಾನ್ಯವಾಗಿ 700ರಿಂದ 1200 ಗ್ರಾಂ ಇರುತ್ತವೆ. ವಾರ ವಾರ ಇಳಿಯುತ್ತಲೇ ಹೋದರೆ, ನೋಡಲು ಎಷ್ಟೇ ಚುರುಕಾಗಿದ್ದರೂ ಮತ್ತೆ ತೋರಿಸಬೇಕು.

ಇವತ್ತೇ ಒಂದು ಕೆಲಸ ಮಾಡು. ಪೆಟ್ಟಿಗೆಯ ಬಾಗಿಲು ತೆಗೆದು, ಒಳಗೆ ಹುಲ್ಲು ಹಾಕಿ, ಅವುಗಳ ಗೂಡಿನ ಒಳಗೇ ಇಟ್ಟುಬಿಡು. ಅವೇ ಒಳಗೆ ಹೋಗಿ ಬಂದು ಅಭ್ಯಾಸ ಮಾಡಿಕೊಂಡರೆ ಶನಿವಾರ ಹಿಡಿಯಲು ಅಟ್ಟಾಡಿಸಬೇಕಾಗಿಲ್ಲ.

ಪ್ರೀತಿಯಿಂದ,
ನಿನ್ನ ಅಪ್ಪ